ಮೂಟೆ ಜಾಸ್ತಿ ಮಾಡಿದರೆ ಪಜಲ್ ಕಷ್ಟ ಆಗುತ್ತಾ?

"ಸಾರ್, ಕಾಲೇಜ್ ಪ್ರಾಜೆಕ್ಟಿಗೆ ಪಜಲ್ ಗೇಮ್ ಮಾಡುತ್ತಿದ್ದೇನೆ. ಲೆವೆಲ್ ತುಂಬಾ ಸುಲಭ ಇದೆ ಅಂತ ಫ್ರೆಂಡ್ಸ್ ಅಂತಾರೆ. ಕಷ್ಟ ಮಾಡೋದು ಹೇಗೆ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಹೇಳಿದ್ದೇನೆ. ಗೋಪಿ ಸರ್ಕಲ್ ಹತ್ತಿರ ಬೈಕ್ ನಿಲ್ಲಿಸಿಕೊಂಡು, ಹೆಲ್ಮೆಟ್ ತೆಗೆಯದೆ ಹೇಳಿದ್ದೇನೆ. ಪ್ರಾಜೆಕ್ಟ್ ಸಮಯ ಬಂತೆಂದರೆ ಮತ್ತೆ ಅದೇ. ಈ ಸಲ ಬರೆದೇ ಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಉತ್ತರ ಚಿಕ್ಕದು. ಕಷ್ಟ ಮಾಡಲು ಹೋಗಬೇಡಿ. ಆಡುವವರು ಎಲ್ಲಿ ತಪ್ಪು ತಿಳಿದುಕೊಳ್ಳುತ್ತಾರೆ ಅಂತ ನೋಡಿ. ಆ ಒಂದು ತಪ್ಪು ಎಣಿಕೆಯ ಸುತ್ತ ಲೆವೆಲ್ ಕಟ್ಟಿ.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮುಂದಿನ ವಾರ ಅದೇ ಲೆವೆಲ್‌ಗೆ ಇನ್ನೂ ಆರು ಮೂಟೆ ಸೇರಿಸಿ ತರುತ್ತಾರೆ.

ಮೂಟೆ ಯಾಕೆ ಅಂದರೆ, ನಮ್ಮ ಶಿವಮೊಗ್ಗದ ಹುಡುಗರು ಮಾಡುವ ಹತ್ತು ಪಜಲ್ ಗೇಮಿನಲ್ಲಿ ಐದಾರು ಅಡಿಕೆ ಮಂಡಿಯಲ್ಲೇ ನಡೆಯುತ್ತವೆ. ಗೋಡೌನ್, ಹಮಾಲಿ, ಮೂಟೆ. ಮೂಟೆಯನ್ನು ತಳ್ಳಿ ಗುರುತಿನ ಮೇಲೆ ನಿಲ್ಲಿಸಬೇಕು. ಹಿಂದಕ್ಕೆ ಎಳೆಯುವ ಹಾಗಿಲ್ಲ, ಒಂದು ಸಲಕ್ಕೆ ಎರಡು ತಳ್ಳುವ ಹಾಗಿಲ್ಲ. ಇದು ಹೊಸದೇನಲ್ಲ. ಜಪಾನಿನ ಹಿರೊಯುಕಿ ಇಮಾಬಯಾಶಿ 1981ರಲ್ಲಿ ಮಾಡಿದ ಸೊಕೊಬಾನ್ ಆಟದ ನಿಯಮ ಇದೇ. ಆ ಹೆಸರಿನ ಅರ್ಥವೇ ಗೋಡೌನ್ ನೋಡಿಕೊಳ್ಳುವವನು. ಅಲ್ಲಿಂದ ನಮ್ಮ ಎಪಿಎಂಸಿಗೆ ಬರಲು ಅದಕ್ಕೆ ದೊಡ್ಡ ದಾರಿಯೇನೂ ಬೇಕಾಗಲಿಲ್ಲ.

ಹೋದ ಮಳೆಗಾಲ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಇಪ್ಪತ್ತು ಮನೆ ಉದ್ದ, ಇಪ್ಪತ್ತು ಮನೆ ಅಗಲದ ಗೋಡೌನ್ (ಮನೆ ಅಂದರೆ ಚದುರಂಗದ ಮನೆಯ ಹಾಗೆ ಒಂದು ಚೌಕ). 14 ಮೂಟೆ, ಮೂರು ಬೀಗದ ಕೈ, ಎರಡು ಲಿವರ್. "ನಮ್ಮ ಕ್ಲಾಸಿನಲ್ಲಿ ಯಾರಿಗೂ ಬಿಡಿಸೋಕೆ ಆಗಲಿಲ್ಲ ಸಾರ್" ಅಂದ. ಮುಖದಲ್ಲಿ ಹೆಮ್ಮೆ. ನಾನು ಮುಕ್ಕಾಲು ಗಂಟೆ ಆಡಿದೆ. ಬಿಡಿಸಿದೆ. ಒಂದೇ ಒಂದು ಸಲವೂ ಯೋಚನೆ ಮಾಡಬೇಕಾಗಲಿಲ್ಲ, ಬೆರಳು ಮಾತ್ರ ನೋವು ಬಂತು. ಅವನ ಕ್ಲಾಸಿನವರು ಸೋತಿರಲಿಲ್ಲ, ಬೇಜಾರಾಗಿ ಎದ್ದು ಹೋಗಿದ್ದರು.

ದೊಡ್ಡದಾದಷ್ಟೂ ಕಷ್ಟ, ಕಷ್ಟ ಆದಷ್ಟೂ ಒಳ್ಳೇದು. ಈ ನಂಬಿಕೆ ಜಿಗಣೆ ಇದ್ದ ಹಾಗೆ, ಕಿತ್ತಷ್ಟೂ ಅಂಟುತ್ತದೆ. ಉಪ್ಪು ಹಾಕಿಯೇ ಬಿಡಿಸಬೇಕು.

ಹನೋಯ್ ಗೋಪುರ ಗೊತ್ತಲ್ಲ? ಮೂರು ಕಂಬ, ಚಿಕ್ಕದು ದೊಡ್ಡದು ಬಿಲ್ಲೆಗಳು. ಒಂದೊಂದಾಗಿ ಎತ್ತಿ ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು, ಚಿಕ್ಕದರ ಮೇಲೆ ದೊಡ್ಡದು ಇಡಬಾರದು. ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ರಿಕರ್ಷನ್ (ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯೋದು) ಹೇಳಿಕೊಡಲು ಇದನ್ನೇ ಬರೆಸುತ್ತಾರೆ. ಫ್ರಾನ್ಸಿನ ಎದುಆರ್ ಲೂಕಾ 1883ರಲ್ಲಿ ಹೊರತಂದದ್ದು. ಮೂರು ಬಿಲ್ಲೆಗೆ 7 ನಡೆ ಸಾಕು. ಹತ್ತು ಬಿಲ್ಲೆ ಇಟ್ಟರೆ 1023 ನಡೆ. ಹಾಗಂತ ಹತ್ತು ಬಿಲ್ಲೆಯದ್ದು ನೂರಾ ನಲವತ್ತಾರು ಪಟ್ಟು ಕಷ್ಟವಾ? ಮೂರರಲ್ಲಿ ಗುಟ್ಟು ಸಿಕ್ಕವನಿಗೆ ಹತ್ತರಲ್ಲಿ ಹೊಸದಾಗಿ ತಿಳಿಯೋದು ಏನೂ ಇಲ್ಲ. ಉಳಿದದ್ದು ಬರೀ ಕೂಲಿ ಕೆಲಸ. ಅಡಿಕೆ ಸುಲಿದ ಹಾಗೆ. ಮೊದಲ ಹತ್ತು ಕಾಯಿಗೆ ಕೈ ಕಲಿಯುತ್ತದೆ, ಆಮೇಲೆ ಬಾಯಿ ಮಾತಾಡುತ್ತಾ ಇರುತ್ತದೆ.

ಈಗ ಇನ್ನೊಂದು. ಹುಲಿ, ಹಸು, ಹುಲ್ಲಿನ ಹೊರೆ. ಹೊಳೆ ದಾಟಿಸಬೇಕು, ದೋಣಿಯಲ್ಲಿ ನಿಮ್ಮ ಜೊತೆ ಒಂದಕ್ಕೇ ಜಾಗ. ಅಜ್ಜಿ ಕೇಳದ ಮನೆ ಇಲ್ಲ ಬಿಡಿ. ಇದಕ್ಕೂ ಎಷ್ಟು ಸಲ ದಾಟಬೇಕು? ಏಳು. ಮೂರು ಬಿಲ್ಲೆಯ ಗೋಪುರಕ್ಕೂ ಏಳು, ಇದಕ್ಕೂ ಏಳು. ಆದರೆ ಇದರಲ್ಲಿ ದೊಡ್ಡವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್ಲಿ ಅಂತ ಗಮನಿಸಿದ್ದೀರಾ? ಪ್ರತಿ ಸಲ ಒಂದೇ ಜಾಗದಲ್ಲಿ, ನಾಲ್ಕನೇ ದಾಟಿಗೆ. ಆಚೆ ದಡಕ್ಕೆ ಮುಟ್ಟಿಸಿದ ಹಸುವನ್ನು ವಾಪಸ್ ಕರೆತರಬೇಕು. ಹಾಗೆ ಮಾಡಬಾರದು ಅಂತ ಯಾರೂ ಹೇಳಿಲ್ಲ. ಆದರೂ ಮನಸ್ಸು ಒಪ್ಪಲ್ಲ. ಮುಗಿದ ಕೆಲಸ ಕೆಡಿಸಿದ ಹಾಗೆ ಅನಿಸುತ್ತದೆ. ಪಜಲ್ ಇರೋದು ಅಲ್ಲಿ, ಆ ಒಂದು ದಾಟಿನಲ್ಲಿ. ಉಳಿದ ಆರು ಸುಮ್ನೆ ಹುಟ್ಟು ಹಾಕೋದು.

ಇದನ್ನೇ ಗೋಡೌನಿಗೆ ತರೋಣ. ಆ ಹುಡುಗನ ಎದುರೇ ಗ್ರಾಫ್ ಹಾಳೆಯಲ್ಲಿ ಬರೆದೆ (ಕರೆಂಟ್ ಹೋಗಿತ್ತು, ಬೇರೆ ದಾರಿಯೂ ಇರಲಿಲ್ಲ). ನಾಲ್ಕು ಮನೆ ಉದ್ದ, ನಾಲ್ಕು ಮನೆ ಅಗಲದ ಕೋಣೆ. ಬಲಗಡೆ ಗೋಡೆಯಲ್ಲಿ ಮೂರು ಮನೆ ಉದ್ದದ ಕುರುಡು ಓಣಿ, ಒಬ್ಬ ಹೋಗುವಷ್ಟೇ ಅಗಲ. ಓಣಿಯ ಮೊದಲ ಮನೆಯಲ್ಲಿ ಒಂದು ಗುರುತು, ಕೊನೆಯ ಮನೆಯಲ್ಲಿ ಇನ್ನೊಂದು, ನಡುವಿನದು ಖಾಲಿ. ಎರಡೇ ಮೂಟೆ. ಒಂದು ಆಟ ಶುರುವಾಗುವಾಗಲೇ ಓಣಿ ಬಾಯಿಯ ಗುರುತಿನ ಮೇಲೆ ಕೂತಿದೆ, ಮೂಟೆ ಸರಿಯಾದ ಜಾಗದಲ್ಲಿದೆ ಅಂತ ಹೇಳುವ ಹಸಿರು ದೀಪ ಉರಿಯುತ್ತಿದೆ. ಇನ್ನೊಂದು ಕೋಣೆ ನಡುವೆ ಇದೆ. ಮೂಟೆಗೆ ಅಂತ ನಾಲ್ಕು ಅಡಿಕೆ ತಂದಿಟ್ಟೆ, ಎರಡು ಮಿಕ್ಕಿತು.

ಆಡುವವರು ಏನು ಮಾಡುತ್ತಾರೆ? ಹಸಿರು ದೀಪದ ಮೂಟೆಯನ್ನು ಮುಟ್ಟಲ್ಲ. ಅದು ಸರಿ ಇದೆಯಲ್ಲ! ಎರಡನೇ ಮೂಟೆಯನ್ನು ಒಳಗಿನ ಗುರುತಿಗೆ ಹೇಗೆ ಸೇರಿಸೋದು ಅಂತ ಕೋಣೆ ಪೂರ್ತಿ ಸುತ್ತುತ್ತಾರೆ, ಕಳ್ಳಬಾಗಿಲು ಹುಡುಕುತ್ತಾರೆ. ಮಾಡಬೇಕಾದ್ದು ಇಷ್ಟೇ: ಸರಿ ಇದ್ದ ಮೂಟೆಯನ್ನೇ ಒಳಗೆ ತಳ್ಳಬೇಕು. ಒಂದು ಸಲ ತಳ್ಳಿದರೆ ದೀಪ ಆರುತ್ತದೆ. ಅಲ್ಲಿ ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಸಲ ತಳ್ಳಿದರೆ ಒಳಗಿನ ದೀಪ ಹತ್ತುತ್ತದೆ. ಬಾಯಿಯ ಜಾಗ ಎರಡನೇ ಮೂಟೆಗೆ ಖಾಲಿ.

ನಡುವಿನ ಆ ಖಾಲಿ ಮನೆ ಸುಮ್ನೆ ಇಟ್ಟಿದ್ದಲ್ಲ. ಅದನ್ನು ತೆಗೆದರೆ ಒಂದೇ ತಳ್ಳಿಗೆ ದೀಪ ಇಲ್ಲಿ ಆರಿ ಅಲ್ಲಿ ಹತ್ತುತ್ತದೆ, ಯಾರಿಗೂ ಭಯವೇ ಆಗಲ್ಲ. ಲೆವೆಲ್ ಮಾಡೋದು ಅಂದರೆ ಇಂಥ ಒಂದು ಮನೆ ಇಡಬೇಕಾ ಬೇಡವಾ ಅಂತ ಅರ್ಧ ದಿನ ಕೂರೋದು. ಹುಡುಗ ಏಳೆಂಟು ನಿಮಿಷ ಅಡಿಕೆ ಸರಿಸಿದ. ಆಮೇಲೆ "ಅಯ್ಯೋ" ಅಂದ. ಅವನ 14 ಮೂಟೆಯ ಲೆವೆಲ್‌ನಲ್ಲಿ ನಾನು ಒಂದು ಸಲವೂ "ಅಯ್ಯೋ" ಅಂದಿರಲಿಲ್ಲ.

"ಎರಡೇ ಮೂಟೆ ತೋರಿಸಿದರೆ ಮಾರ್ಕ್ಸ್ ಕೊಡ್ತಾರಾ ಸಾರ್?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಅಂತ ಒಂದು ಪ್ರಾಜೆಕ್ಟ್ ಮಾಡಿದರು. ಒಂದೇ ಯೋಚನೆ: ಎರಡು ಬಾಗಿಲು, ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಗೆ. ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. 2007ರಲ್ಲಿ ಬಂದ ಪೋರ್ಟಲ್ ಹುಟ್ಟಿದ್ದು ಹಾಗೆ. ಬೀಗದ ಕೈ, ಲಿವರ್ ಎಷ್ಟಿದ್ದವು ಅಂತ ಯಾರೂ ಎಣಿಸಲಿಲ್ಲ.

ಚಿಕ್ಕ ಲೆವೆಲ್‌ನಿಂದ ಇನ್ನೊಂದು ಲಾಭ ಇದೆ. ನಮ್ಮ ಕೋಣೆ ಮತ್ತು ಓಣಿ ಸೇರಿ 19 ಮನೆ. ಎರಡು ಮೂಟೆ ಇಡುವ ಬಗೆ 171. ಹಮಾಲಿ ಉಳಿದ 17ರಲ್ಲಿ ಎಲ್ಲಾದರೂ ನಿಲ್ಲಬಹುದು. ಒಟ್ಟು 2907 ಸ್ಥಿತಿ. ಅಷ್ಟನ್ನೂ ಕಂಪ್ಯೂಟರ್ ಕಣ್ಣು ಮಿಟುಕಿಸುವುದರಲ್ಲಿ ನೋಡಿ, ನಿಮಗೆ ತಿಳಿಯದ ಅಡ್ಡದಾರಿ ಇದ್ದರೆ ಹೇಳಿಬಿಡುತ್ತದೆ. ಕ್ಲಾಸಿನಲ್ಲಿ ಕಲಿತ ಬಿಎಫ್‌ಎಸ್ (ಒಂದು ನಡೆಯಲ್ಲಿ ಮುಟ್ಟುವ ಸ್ಥಿತಿ ಎಲ್ಲ ಮೊದಲು, ಆಮೇಲೆ ಎರಡು ನಡೆಯದ್ದು, ಹೀಗೆ ಹುಡುಕೋ ವಿಧಾನ) ಸಾಕು. 14 ಮೂಟೆಯದ್ದನ್ನು ಹೀಗೆ ಸುಮ್ನೆ ಎಲ್ಲಾ ಸ್ಥಿತಿ ತಿರುವಿ ನೋಡಲು ಹೋದರೆ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತಲೇ ಇರುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ, ಕೇಳಬೇಕಿತ್ತು. ಮೂಟೆನೇ ಯಾಕೆ?

ಈ ಎರಡು ಮೂಟೆಯ ಲೆವೆಲ್ ಅನ್ನು ಆಮೇಲೆ ಕಂಪ್ಯೂಟರಿಗೆ ಹಾಕಿ, ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮನಿಗೆ ಕೊಟ್ಟೆ. ಅಮ್ಮ ಗೇಮ್ ಆಡಿದವರಲ್ಲ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. (ನೀವೂ ಹಾಗೇ ಕೂರಬೇಕು. "ಅಲ್ಲಲ್ಲ, ಈ ಕಡೆ" ಅಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.) ಅಮ್ಮ ಎರಡನೇ ಮೂಟೆಯನ್ನು ತಳ್ಳಿ ತಳ್ಳಿ ಮೂಲೆಗೆ ಸೇರಿಸಿದರು. ಇನ್ನು ಅದು ಬರಲ್ಲ. ಬಾಣದ ಕೀಲಿ ನಾಲ್ಕು ಸಲ ಒತ್ತಿ ಕೇಳಿದರು: "ಇವನ ಹತ್ರ ಕೊಕ್ಕೆ ಇಲ್ವನಾ?"

ನಾನು ಪೆಚ್ಚಾದೆ. ಮಂಡಿಯಲ್ಲಿ ಹಮಾಲರು ಮೂಟೆಯನ್ನು ತಳ್ಳುತ್ತಾ ಕೂರಲ್ಲ. ಕೊಕ್ಕೆ ಹಾಕಿ ಎಳೆಯುತ್ತಾರೆ, ಬೆನ್ನಿಗೆ ಹಾಕಿಕೊಂಡು ನಡೆಯುತ್ತಾರೆ. ಅಡಿಕೆ ಮಾರಲು ಹೋದ ಯಾರಿಗೂ ಇದು ಗೊತ್ತು. ನನ್ನ ನಿಯಮ ಎಳೆಯಬಾರದು ಅನ್ನುತ್ತದೆ, ನನ್ನ ಚಿತ್ರ ಎಳೆಯಬಹುದು ಅನ್ನುತ್ತದೆ. ಅಮ್ಮ ಚಿತ್ರವನ್ನು ನಂಬಿದರು. ನಾನು ಬಯಸಿದ ತಪ್ಪು ಎಣಿಕೆ ಹಸಿರು ದೀಪದ್ದು, ಅವರು ಸಿಕ್ಕಿಬಿದ್ದದ್ದು ಬೇರೆಯದರಲ್ಲಿ. ಅದು ಅವರ ತಪ್ಪಲ್ಲ.

ಹಾಗಾಗಿ ಮೂಟೆ ತೆಗೆದು ನೀರು ತುಂಬಿದ ನೀಲಿ ಡ್ರಮ್ ಹಾಕಿದೆ. ಹಿಡಿಕೆ ಇಲ್ಲ, ಎಳೆಯಲು ಆಗಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಅಮ್ಮ ಈ ಸಲ ಮೂಲೆಗೆ ತಳ್ಳಲಿಲ್ಲ. ಸ್ವಲ್ಪ ಹೊತ್ತು ನೋಡಿ, "ನೀರು ಚೆಲ್ಲಿದ್ರೆ ಎತ್ಕೊಂಡೇ ಹೋಗ್ಬಹುದಲ್ಲ ಮಾರಾಯ" ಅಂದರು.

ಈಗ ಲೆವೆಲ್‌ನಲ್ಲಿ ಇರೋದು ಡಾಂಬರು ಡ್ರಮ್. ಉರುಳಿಸಬಹುದಲ್ಲ ಅಂತ ಅಮ್ಮ ಇನ್ನೂ ಕೇಳಿಲ್ಲ.