ಥಂಡರ್‌ಬರ್ಡ್ ಮತ್ತೆ ಹಾಕಿದ ಮೇಲೆ ಹಳೇ ಫೋಲ್ಡರ್‌ಗಳು ಎಲ್ಲಿ ಹೋದವು?

ಪ್ರಶ್ನೆ: ಇಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಈಗ ನಾನು ಮಾಡಿಕೊಂಡಿದ್ದ ಫೋಲ್ಡರ್‌ಗಳು ಒಂದೂ ಕಾಣುತ್ತಿಲ್ಲ. ಎಲ್ಲಾ ಅಳಿಸಿಹೋಯಿತೇ?

ಬಹುಶಃ ಇಲ್ಲ. ಥಂಡರ್‌ಬರ್ಡ್ ನಿಮ್ಮ ಮೇಲ್‌ಗಳನ್ನು ಪ್ರೋಗ್ರಾಂ ಇರುವ ಜಾಗದಲ್ಲಿ ಇಡುವುದೇ ಇಲ್ಲ. ಅವು ಪ್ರೊಫೈಲ್ ಎಂಬ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಪ್ರೋಗ್ರಾಂ ತೆಗೆದರೂ ಸಾಮಾನ್ಯವಾಗಿ ಅದು ಅಲ್ಲೇ ಉಳಿಯುತ್ತದೆ. ಹೊಸ ಇನ್‌ಸ್ಟಾಲ್ ಇನ್ನೊಂದು ಖಾಲಿ ಪ್ರೊಫೈಲ್ ಮಾಡಿಕೊಂಡು ಅದನ್ನೇ ನಿಮಗೆ ತೋರಿಸುತ್ತಿದೆ, ಅಷ್ಟೇ. 2019ರಲ್ಲಿ ಬಂದ 68ನೇ ಆವೃತ್ತಿಯಿಂದ ಇದು ಜಾಸ್ತಿ. ಪ್ರೋಗ್ರಾಂ ಅನ್ನು ಬೇರೆ ಜಾಗದಲ್ಲಿ ಹಾಕಿದರೆ, ಅದಕ್ಕೆ ಬೇರೆ ಪ್ರೊಫೈಲ್. 32 ಬಿಟ್ ಇದ್ದದ್ದು 64 ಬಿಟ್ ಆದಾಗಲೂ ಹೀಗಾಗುವುದುಂಟು.

ನಿಮ್ಮ ಖಾತೆ ಐಮ್ಯಾಪ್ ಆಗಿದ್ದರೆ ಅರ್ಧ ಚಿಂತೆ ಬಿಡಿ. ಮೇಲ್‌ಗಳು ಸರ್ವರ್‌ನಲ್ಲಿವೆ. ಖಾತೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಸಬ್‌ಸ್ಕ್ರೈಬ್ ಪಟ್ಟಿಯಲ್ಲಿ ಬೇಕಾದ ಫೋಲ್ಡರ್‌ಗಳಿಗೆ ಟಿಕ್ ಹಾಕಿದರೆ ಬಂದುಬಿಡುತ್ತವೆ. ಪಾಪ್ ಖಾತೆ (ಮೇಲ್‌ಗಳನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಬಗೆ) ಅಥವಾ ಕಂಪ್ಯೂಟರ್‌ನಲ್ಲೇ ಇರುವ ‘ಲೋಕಲ್ ಫೋಲ್ಡರ್ಸ್’ ಆದರೆ ಮಾತ್ರ ಹಳೇ ಪ್ರೊಫೈಲ್ ಬೇಕೇ ಬೇಕು.

ವಿಂಡೋಸ್‌ನಲ್ಲಿ ಅದು ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅಲ್ಲಿಂದ ಆಪ್‌ಡೇಟಾ, ರೋಮಿಂಗ್, ಥಂಡರ್‌ಬರ್ಡ್, ಪ್ರೊಫೈಲ್ಸ್ ಎಂಬ ದಾರಿಯಲ್ಲಿದೆ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್. ಹಿಡನ್ ಐಟಂಗಳನ್ನು ಕಾಣಿಸುವಂತೆ ಮಾಡಿಕೊಳ್ಳಿ. ಪ್ರೊಫೈಲ್ಸ್ ಒಳಗೆ ವಿಚಿತ್ರ ಹೆಸರಿನ ಎರಡು ಮೂರು ಫೋಲ್ಡರ್ ಕಾಣಬಹುದು. ಹೆಸರು ನೋಡಿ ಗೊತ್ತಾಗುವುದಿಲ್ಲ, ಗಾತ್ರ ನೋಡಿ. ಜಿಬಿ ಲೆಕ್ಕದಲ್ಲಿ ತೂಗುವುದು ಹಳೆಯದು. ಮೊದಲು ಥಂಡರ್‌ಬರ್ಡ್ ಮುಚ್ಚಿ, ಆ ಹಳೇ ಫೋಲ್ಡರನ್ನು ಹಾಗೇ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಬೇಸರ ಅನ್ನಿಸಿದರೂ ಮಾಡಿ.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಇಂಗ್ಲಿಷ್‌ನಲ್ಲಿ ಥಂಡರ್‌ಬರ್ಡ್ ಡಾಟ್ ಇಎಕ್ಸ್‌ಇ, ಒಂದು ಸ್ಪೇಸ್, ಒಂದು ಹೈಫನ್, ದೊಡ್ಡ ಪಿ ಟೈಪ್ ಮಾಡಿ ಎಂಟರ್ ಒತ್ತಿ. ಪ್ರೊಫೈಲ್ ಆರಿಸುವ ಕಿಟಕಿ ತೆರೆಯುತ್ತದೆ. ಹಳೆಯದು ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಹೊಸ ಪ್ರೊಫೈಲ್ ಮಾಡುವ ಬಟನ್ ಒತ್ತಿ, ಚೂಸ್ ಫೋಲ್ಡರ್‌ನಲ್ಲಿ ಹಳೇ ಫೋಲ್ಡರ್ ತೋರಿಸಿ. ಆ ಕಿಟಕಿಯಲ್ಲಿ ಡಿಲೀಟ್ ಬಟನ್ ಕೂಡ ಇದೆ. ಖಾಲಿ ಪ್ರೊಫೈಲ್ ಸುಮ್ನೆ ಯಾಕೆ ಅಂತ ಅದನ್ನು ಒತ್ತಲು ಹೋಗಬೇಡಿ. ‘ಡಿಲೀಟ್ ಫೈಲ್ಸ್’ ಎಂದರೆ ಅದು ನಿಜಕ್ಕೂ ಫೈಲ್‌ಗಳನ್ನೇ ಅಳಿಸುತ್ತದೆ. ತಪ್ಪು ಪ್ರೊಫೈಲ್ ಆರಿಸಿದ್ದರೆ ಕಥೆ ಮುಗಿಯಿತು.

ಫೋಲ್ಡರ್ ಬಂತು, ಒಳಗೆ ಮಾತ್ರ ಏನೂ ಇಲ್ಲ ಅಂದರೆ ಅದರ ಸೂಚಿ (ಇಂಡೆಕ್ಸ್, ಅಂದರೆ ಮೇಲ್‌ಗಳ ಪಟ್ಟಿ) ಕೆಟ್ಟಿರಬಹುದು. ಸಾಮಾನ್ಯವಾಗಿ ಪ್ರತಿ ಮೇಲ್ ಫೋಲ್ಡರ್‌ಗೆ ಎರಡು ಫೈಲ್: ಎಕ್ಸ್‌ಟೆನ್ಷನ್ ಇಲ್ಲದ್ದು ಮೇಲ್‌ಗಳು, ಎಂಎಸ್‌ಎಫ್ ಎಂದು ಮುಗಿಯುವುದು ಅದರ ಸೂಚಿ. ಫೋಲ್ಡರ್‌ನ ಪ್ರಾಪರ್ಟೀಸ್‌ಗೆ ಹೋಗಿ ರಿಪೇರ್ ಫೋಲ್ಡರ್ ಒತ್ತಿದರೆ ಸೂಚಿ ಹೊಸದಾಗಿ ತಯಾರಾಗುತ್ತದೆ.

ವಿಂಡೋಸನ್ನೇ ಮತ್ತೆ ಹಾಕಿದ್ದೀರಾ? ಹಾಗಾದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ, ಹಳೇ ವಿಂಡೋಸ್‌ನ ಫೈಲ್‌ಗಳಿರುವ ಫೋಲ್ಡರ್ ಇದೆಯೇ ನೋಡಿ. ಇದ್ದರೆ ಅದರೊಳಗೂ ಯೂಸರ್ಸ್‌ನಿಂದ ಇದೇ ದಾರಿ. ಇದನ್ನು ಇವತ್ತೇ ಮಾಡಿ. ಸಾಮಾನ್ಯವಾಗಿ 10 ದಿನ ಕಳೆದರೆ ವಿಂಡೋಸ್ ಆ ಫೋಲ್ಡರನ್ನು ತಾನೇ ತೆಗೆದುಹಾಕುತ್ತದೆ.