ಹಾಲುಣಿಸುವಾಗ ದಮ್ಮಿನ ಮದ್ದು ತೆಗೆದುಕೊಳ್ಳಬಹುದಾ?

ಪ್ರಶ್ನೆ: ಮೇಡಂ, ಉಡುಪಿ ಹತ್ತಿರ ಅಮ್ಮನ ಮನೆಗೆ ಬಾಣಂತನಕ್ಕೆ ಬಂದಿದ್ದೇನೆ. ಮಗುವಿಗೆ ಏಳು ವಾರ. ನನಗೆ ಕಾಲೇಜಿಗೆ ಹೋಗುವಾಗಿನಿಂದ ದಮ್ಮು ಇದೆ. ಬಸುರಿಯಾಗಿದ್ದಾಗಲೂ ಡಾಕ್ಟರ್ ಹೇಳಿದಂತೆ ದಿನಕ್ಕೆರಡು ಸಲ ಬುಡೆಸೊನೈಡ್ ರೋಟಾಕ್ಯಾಪ್ (ಉಸಿರಿನ ಜೊತೆ ಎಳೆಯುವ ಪುಡಿಯ ಕ್ಯಾಪ್ಸೂಲ್) ಎಳೆಯುತ್ತಿದ್ದೆ. ಹೆರಿಗೆ ಆದ ಮೇಲೆ ಬಿಟ್ಟಿದ್ದೇನೆ. ಮದ್ದು ಹಾಲಿಗೆ ಇಳಿದು ಮಗುವಿಗೆ ನಂಜಾಗುತ್ತದೆ ಅಂತ ಅಮ್ಮನಿಗೆ ಹೆದರಿಕೆ. ಈಗ ಮಳೆ ಹಿಡಿದಿದೆ. ಬೆಳಿಗ್ಗೆ ಎದ್ದರೆ ಸೀನು, ಮೂಗು ಕಟ್ಟುತ್ತದೆ. ರಾತ್ರಿ ಎದೆಯಲ್ಲಿ ಸುಯ್ ಸುಯ್ ಸದ್ದು. ಮತ್ತೆ ಮದ್ದು ಶುರು ಮಾಡಿದರೆ ಹಾಲು ನಿಲ್ಲಿಸಬೇಕಾ?

ಉತ್ತರ: ಬೇಡ, ಹಾಲು ನಿಲ್ಲಿಸಬೇಡಿ. ಮದ್ದನ್ನೂ ನಿಲ್ಲಿಸಬಾರದಿತ್ತು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಬಿಟ್ಟಿದ್ದನ್ನು ಹೇಳಿ, ಮತ್ತೆ ಶುರು ಮಾಡಿ. ರಾತ್ರಿ ಎದೆ ಸದ್ದು ಮಾಡುತ್ತಿದೆ ಅಂದರೆ ಮಳೆ ಕಡಿಮೆಯಾಗಲಿ ಅಂತ ಕಾಯುವ ಹೊತ್ತಲ್ಲ ಇದು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮದ್ದಿನಂಗಡಿಯಲ್ಲಿ ನಿಂತು ದಿನಾ ಬೇರೆಯವರಿಗೆ ಇದನ್ನೇ ಹೇಳುವ ನಾನು, ನನ್ನ ಮೊದಲ ಬಾಣಂತನದಲ್ಲಿ ಪಫ್ ಬಿಟ್ಟಿದ್ದೆ. ಆಗಲೂ ಆಟಿ ತಿಂಗಳು, ಜೋರು ಮಳೆಗಾಲ. ಒಂದು ರಾತ್ರಿ ಎರಡು ಗಂಟೆಗೆ ಮಂಚದ ಅಂಚು ಹಿಡಿದು ಕೂತಿದ್ದೆ. ಅಮ್ಮನನ್ನು ಕರೆಯಲು ಹೋದರೆ 'ಅಮ್ಮ' ಅನ್ನುವಷ್ಟೇ ಉಸಿರು ಇತ್ತು, ಮುಂದಿನ ಮಾತು ಬರಲಿಲ್ಲ. ಸುರಿಯುವ ಮಳೆಯಲ್ಲಿ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ ನೆಬುಲೈಜರ್ ಹಾಕಿಸಿಕೊಂಡೆವು. ಅಲ್ಲಿ ಒಬ್ಬರು, ಎರಡು ದಿನ ಮಗುವಿಗೆ ಹಾಲು ಕೊಡಬೇಡಿ ಅಂದರು. ನಾನು ಎರಡು ದಿನ ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಆ ಹಾಲಿಗೆ ಏನೂ ಆಗಿರಲಿಲ್ಲ. ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮದ್ದು ಹಾಲಿಗೆ ಹೋಗುವ ದಾರಿ ನೋಡೋಣ. ಅದು ಮೊದಲು ನಿಮ್ಮ ರಕ್ತಕ್ಕೆ ಬರಬೇಕು. ಅಲ್ಲಿಂದ ಹಾಲಿಗೆ, ಹಾಲಿನಿಂದ ಮಗುವಿನ ಹೊಟ್ಟೆಗೆ, ಆಮೇಲೆ ಮಗುವಿನ ರಕ್ತಕ್ಕೆ. ಒಂದೊಂದು ಮೆಟ್ಟಿಲಲ್ಲೂ ಒಂದಷ್ಟು ಕಳೆದುಹೋಗುತ್ತದೆ. ಇನ್‌ಹೇಲರಿನ ಮದ್ದು ನೇರ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೆಲಸ ಮಾಡುವುದರಿಂದ ರಕ್ತಕ್ಕೆ ಬರುವುದೇ ಸ್ವಲ್ಪ. ಪ್ರಮಾಣವೂ ತೀರಾ ಚಿಕ್ಕದು. ದಮ್ಮು ಬಂದಾಗ ತಕ್ಷಣ ಎಳೆಯುವ ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಮದ್ದು ಇರುತ್ತದೆ. ಅಂದರೆ ಒಂದು ಗ್ರಾಮಿನ ಹತ್ತು ಸಾವಿರದ ಒಂದು ಪಾಲು. ಅದೇ ಮದ್ದಿನ 4 ಮಿಲಿಗ್ರಾಂ ಮಾತ್ರೆ ನುಂಗಿದರೆ 40 ಪಫ್‌ನಷ್ಟು ಒಂದೇ ಸಲ ಹೊಟ್ಟೆಗೆ ಹೋದ ಹಾಗೆ. ಈ ಲೆಕ್ಕವನ್ನು ಅಮ್ಮನಿಗೂ ಹೇಳಿ. 'ಪಂಪ್ ಅಂದರೆ ಜೋರು ಮದ್ದು, ಮಾತ್ರೆ ಮೆತ್ತಗೆ' ಅಂತ ನಮ್ಮಲ್ಲಿ ತುಂಬ ಜನ ತಿಳಿದುಕೊಂಡಿದ್ದಾರೆ. ನಿಜ ಅದರ ಉಲ್ಟಾ.

ನೀವು ಎಳೆಯುತ್ತಿದ್ದ ಬುಡೆಸೊನೈಡನ್ನು ಹಾಲುಣಿಸುವ ತಾಯಂದಿರಲ್ಲೇ ಅಳೆದು ನೋಡಿದ್ದಾರೆ. ತಾಯಿ ಎಳೆದದ್ದರಲ್ಲಿ ಮಗುವಿಗೆ ಹೋಗುವುದು ಶೇ. 0.3ರಿಂದ 1ರಷ್ಟು. ಅದರಲ್ಲೂ ಮಗು ಕುಡಿದ ಹಾಲಿನ ಜೊತೆ ಹೊಟ್ಟೆಗೆ ಹೋದದ್ದರ ಹೆಚ್ಚಿನ ಪಾಲನ್ನು ಮಗುವಿನ ಲಿವರ್ ಒಡೆದುಹಾಕುತ್ತದೆ. ಇದೇ ಮದ್ದನ್ನು ದಮ್ಮಿರುವ ಪುಟ್ಟ ಮಕ್ಕಳಿಗೆ ನೆಬುಲೈಜರಿನಲ್ಲಿ ನೇರವಾಗಿಯೇ ಕೊಡುತ್ತಾರೆ. ಜೊತೆಗೆ ಫಾರ್ಮೊಟೆರಾಲ್ ಸೇರಿಸಿದ ಇನ್‌ಹೇಲರ್ ಬರೆದುಕೊಟ್ಟರೂ ಹಾಲು ಬಿಡಬೇಕಾಗಿಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಅಷ್ಟು ಸಾಕು. ಪಫ್‌ಗೂ ಹಾಲು ಕೊಡುವ ಹೊತ್ತಿಗೂ ನಡುವೆ ಗಂಟೆ ಲೆಕ್ಕ ಹಾಕುವ ಅಗತ್ಯ ಇಲ್ಲ.

ಮೂಗಿಗೆ ಮೊದಲು ಉಪ್ಪುನೀರಿನ ಸ್ಪ್ರೇ ಹಾಕಿ ನೋಡಿ. ಸಾಲದಿದ್ದರೆ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಬಗ್ಗೆ ಡಾಕ್ಟರನ್ನು ಕೇಳಿ. ಇವೂ ಮೂಗಿನಲ್ಲೇ ಕೆಲಸ ಮಾಡುವಂಥವು, ಹಾಲಿಗೆ ಬರುವುದು ನಗಣ್ಯ. ಮಾತ್ರೆಯೇ ಬೇಕು ಅಂದರೆ ಲೊರಾಟಡಿನ್ ಅಥವಾ ಸೆಟಿರಿಜಿನ್. ಲೊರಾಟಡಿನ್ ನುಂಗಿದ ತಾಯಂದಿರ ಹಾಲನ್ನು ಎರಡು ದಿನ ಅಳೆದಾಗ ಅದರಲ್ಲಿ ಸಿಕ್ಕಿದ್ದು ಮಾತ್ರೆಯ ಶೇ. 0.03ರಷ್ಟು. ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಅದನ್ನು ರಾತ್ರಿ ಹಾಲು ಕೊಟ್ಟು ಮಗು ಮಲಗಿದ ಮೇಲೆ ತೆಗೆದುಕೊಂಡರೆ ಒಳ್ಳೆಯದು.

ಅಮ್ಮನ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಹುಷಾರಾಗಿರಬೇಕಾದ ಮದ್ದುಗಳಿವೆ. ಅವು ಹೆಚ್ಚಾಗಿ ಚೀಟಿ ಇಲ್ಲದೆ, 'ಶೀತಕ್ಕೆ ಒಂದು ಮಾತ್ರೆ ಕೊಡಿ' ಅಂತ ಕೇಳಿ ತರುವಂಥವು. ಆ ಮಾತ್ರೆಯ ಹಾಳೆಯ ಹಿಂದೆ ಓದಿ ನೋಡಿ, ಮೂರು ನಾಲ್ಕು ಹೆಸರು ಇರುತ್ತವೆ. ಅದರಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ ನಿಮಗೂ ನಿದ್ದೆ, ಮಗುವಿಗೂ ಮಂಪರು. ಅವಿಲ್ ಕೂಡ ಅದೇ ಜಾತಿಯದು. ಸ್ಯೂಡೋಎಫೆಡ್ರಿನ್ ಇದ್ದರೆ ಹಾಲೇ ಕಡಿಮೆಯಾಗಬಹುದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8 ತಾಯಂದಿರಿಗೆ ಇದರ 60 ಮಿಲಿಗ್ರಾಂ ಒಂದೇ ಒಂದು ಸಲ ಕೊಟ್ಟಿದ್ದರು. ಆ ದಿನದ ಹಾಲು ಶೇ. 24ರಷ್ಟು ಇಳಿಯಿತು. 'ಹಾಲು ಸಾಲುತ್ತಿಲ್ಲ' ಅಂತ ಅಳುತ್ತಾ ಬರುವವರನ್ನು ನಾನು ಮೊದಲು ಕೇಳುವುದೇ ಶೀತದ ಮಾತ್ರೆ ನುಂಗಿದ್ದೀರಾ ಅಂತ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಂತೂ ಬೇಡವೇ ಬೇಡ. ಅದು ಮಗುವಿನ ಉಸಿರನ್ನೇ ನಿಧಾನ ಮಾಡಬಲ್ಲದು.

ದಮ್ಮಿಗೆ ಹಿಂದಿನಿಂದ ಕೊಡುತ್ತಿದ್ದ ಡೆರಿಫಿಲಿನ್ ಮಾತ್ರೆಯಲ್ಲಿ ಥಿಯೋಫಿಲಿನ್ ಇದೆ. ಅದು ಹಾಲಿಗೆ ಬರುತ್ತದೆ. ಎಳೆ ಮಕ್ಕಳ ಮೈ ಅದನ್ನು ಬೇಗ ಹೊರಹಾಕುವುದಿಲ್ಲ. ಮಗು ನಿದ್ದೆ ಮಾಡದೆ ರಚ್ಚೆ ಹಿಡಿಯಬಹುದು. ಮನೆಯ ಡಬ್ಬಿಯಲ್ಲಿ ಯಾರದ್ದೋ ಹಳೆಯ ಹಾಳೆ ಉಳಿದಿದ್ದರೆ ಸುಮ್ನೆ ಅದನ್ನು ನುಂಗಬೇಡಿ.

ದಮ್ಮು, ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆ ಬಗ್ಗೆ ಒಂದು ಮಾತು. ನಮ್ಮಲ್ಲಿ ಇದನ್ನು ಲೆವೊಸೆಟಿರಿಜಿನ್ ಜೊತೆ ಸೇರಿಸಿ ತುಂಬ ಬರೆಯುತ್ತಾರೆ. ಹಾಲಿಗೆ ಬರುವುದು ತೀರಾ ಕಡಿಮೆ, ಆ ಲೆಕ್ಕದಲ್ಲಿ ತೊಂದರೆ ಇಲ್ಲ. ಆದರೆ ಕೆಲವರಿಗೆ ಇದರಿಂದ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಬಾಣಂತಿಯ ಮನಸ್ಸು ಮೊದಲೇ ಸೂಕ್ಷ್ಮ, ಅಲ್ವಾ? ಈ ಮಾತ್ರೆ ಶುರು ಮಾಡಿದ ಮೇಲೆ ವಿನಾಕಾರಣ ಅಳು, ಕೆಟ್ಟ ಯೋಚನೆ ಬಂದರೆ ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ ಅಂತ ಬಿಡಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ.

ದಮ್ಮು ಜೋರಾಗಿ ಕೆಲವು ದಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಕೊಟ್ಟರೂ ಹಾಲು ಮುಂದುವರಿಸಬಹುದು. ನೆಬುಲೈಜರ್ ಹಾಕಿದ ಕೂಡಲೇ ಕೂಡ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ಯಾವ ಡಾಕ್ಟರ ಹತ್ತಿರ ಹೋದರೂ ಬಾಗಿಲು ದಾಟುತ್ತಲೇ 'ನನಗೆ ಏಳು ವಾರದ ಮಗು ಇದೆ, ಹಾಲು ಕೊಡುತ್ತಿದ್ದೇನೆ' ಅಂತ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ ಅದನ್ನೂ ಹೇಳಿ.

ಮಗುವನ್ನು ನೋಡಿಕೊಳ್ಳುವುದು ಹೇಗೆ ಅಂದರೆ, ಹಾಲಿಗೆ ಎದ್ದೇಳುತ್ತಿದೆಯಾ, ಗಟ್ಟಿಯಾಗಿ ಚೀಪುತ್ತಿದೆಯಾ, ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದೆಯಾ. ಇಷ್ಟಿದ್ದರೆ ನೆಮ್ಮದಿಯಾಗಿರಿ. ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಮಾತ್ರ ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮ ವಿಷಯದಲ್ಲಿ, ಪಫ್ ಎಳೆದರೂ ಉಸಿರು ಸಡಿಲವಾಗದಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿಸಿ.

ಅಮ್ಮನಿಂದ ಒಂದು ಸಹಾಯ ಕೇಳಿ. ನಿಮ್ಮ ದಮ್ಮು ಹೆಚ್ಚಿಸುವುದು ಬಾಣಂತಿ ಕೋಣೆಯಲ್ಲೇ ಇರಬಹುದು. ಬಚ್ಚಲ ಒಲೆಯ ಹೊಗೆ, ಮಗುವಿನ ತಲೆ ಒಣಗಲಿ ಅಂತ ಹಾಕುವ ಸಾಂಬ್ರಾಣಿ, ಸೊಳ್ಳೆ ಕಾಯಿಲ್, ಗಾಳಿ ಬೀಳಬಾರದು ಅಂತ ಮುಚ್ಚಿದ ಕಿಟಕಿ, ಕಪಾಟಿನ ಹಿಂದಿನ ಗೋಡೆಯ ಬೂಷ್ಟು. ಸ್ನಾನದ ಆರೈಕೆ ಎಲ್ಲ ಇರಲಿ, ಅದು ಮೈಗೆ ಹಿತ. ಹಂಡೆಯ ನೀರು ಕಾದು, ಬೆಂಕಿ ಆರಿ, ಹೊಗೆ ಹೋದ ಮೇಲೆ ನೀವು ಬಚ್ಚಲಿಗೆ ಹೋಗಿ. ಮಗುವಿನ ತಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು, ಹೊಗೆ ಮಗುವಿನ ಎದೆಗೂ ಒಳ್ಳೆಯದಲ್ಲ.

ಇನ್ನೊಂದು ನಮ್ಮ ಊರಿನ ಮಳೆಗಾಲಕ್ಕೇ ಸೇರಿದ್ದು. ವಾರಗಟ್ಟಲೆ ಬಿಟ್ಟಿದ್ದ ರೋಟಾಕ್ಯಾಪ್ ಡಬ್ಬಿಯನ್ನು ಮತ್ತೆ ತೆರೆಯುವ ಮೊದಲು ತಾರೀಕು ನೋಡಿ. ಒಂದು ಕ್ಯಾಪ್ಸೂಲ್ ಬೆರಳಲ್ಲಿ ಒತ್ತಿ ನೋಡಿ. ತೇವ ಹಿಡಿದು ಮೆತ್ತಗಾಗಿದ್ದರೆ ಅದು ಸರಿಯಾಗಿ ಒಡೆಯುವುದಿಲ್ಲ, ಪುಡಿ ಅಂಟಿಕೊಂಡು ಒಳಗೇ ಉಳಿಯುತ್ತದೆ. ನೀವು ಎಳೆದೆ ಅಂದುಕೊಳ್ಳುತ್ತೀರಿ, ಎದೆಗೆ ಏನೂ ಹೋಗಿರುವುದಿಲ್ಲ. ಹೊಸ ಡಬ್ಬಿ ತರಿಸಿ, ಮುಚ್ಚಳ ಬಿಗಿ ಮಾಡಿ ಒಣ ಜಾಗದಲ್ಲಿಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಎಳೆಯುವ ಹೊತ್ತಿಗೆ ಒಂದನ್ನು ಮಾತ್ರ ಹೊರಗೆ ತೆಗೆಯಿರಿ.