ಎಸ್.ಆರ್. ಕಂಠಿ: ವಕೀಲರು, ಸ್ಪೀಕರ್, ಮೂರು ತಿಂಗಳ ಮುಖ್ಯಮಂತ್ರಿ

ಕರ್ನಾಟಕದ ಮುಖ್ಯಮಂತ್ರಿಗಳ ಪಟ್ಟಿ ಬಾಯಿಪಾಠ ಮಾಡುವಾಗ ಎಸ್.ಆರ್. ಕಂಠಿ ಅವರ ಹೆಸರನ್ನು ತುಂಬಾ ಜನ ಹಾರಿಸಿಬಿಡುತ್ತಾರೆ. ಇದ್ದದ್ದೇ ಮೂರು ತಿಂಗಳು ಅಲ್ವಾ ಅಂತ. ನನ್ನ ಪ್ರಕಾರ ಅವರನ್ನು ಮೊದಲು ಸ್ಪೀಕರ್ ಆಗಿ ಓದಬೇಕು. ಮುಖ್ಯಮಂತ್ರಿ ಆದ ಕಥೆ ಆಮೇಲೆ ತಾನಾಗಿ ಅರ್ಥವಾಗುತ್ತದೆ.

ಹುಟ್ಟಿದ್ದು 1908ರಲ್ಲಿ, ಬಾದಾಮಿ ಹತ್ತಿರದ ಕೆರೂರಿನಲ್ಲಿ. ಆಗ ಆ ಸೀಮೆ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಕಾನೂನು ಓದಿ ವಕೀಲರಾದರು, ಆಮೇಲೆ ರಾಜಕೀಯಕ್ಕೆ ಬಂದರು. ಹುನಗುಂದದಿಂದ ಗೆದ್ದು ಮುಂಬೈ ವಿಧಾನಸಭೆಯ ಡೆಪ್ಯುಟಿ ಸ್ಪೀಕರ್ ಆದರು. ಸದನ ನಡೆಸುವ ಕೆಲಸ ಕಲಿತದ್ದು ಅಲ್ಲಿ.

1956ರ ನವೆಂಬರ್ 1ರಂದು ನಮ್ಮ ರಾಜ್ಯ (ಆಗಿನ ಹೆಸರು ಮೈಸೂರು) ಒಂದಾಯಿತು. ಡಿಸೆಂಬರ್‌ನಲ್ಲಿ ಕಂಠಿ ಅದರ ವಿಧಾನಸಭೆಯ ಸ್ಪೀಕರ್ ಆದರು. ಸುಮ್ನೆ ಕೂತು ಗಂಟೆ ಬಾರಿಸುವ ಕೆಲಸ ಅಲ್ಲ ಅದು. ಹಳೇ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹೀಗೆ ಐದು ಕಡೆಯ ಜನ ಒಂದೇ ಸದನದಲ್ಲಿ. ಒಂದೊಂದು ಸೀಮೆಗೆ ಒಂದೊಂದು ಗೇಣಿ ಕಾನೂನು. ಇವನ್ನೆಲ್ಲ ಒಂದು ಮಾಡಲು ಹೊರಟ 1961ರ ಭೂಸುಧಾರಣಾ ಮಸೂದೆ ಚರ್ಚೆಗೆ ಬಂದದ್ದು ಅವರು ಸ್ಪೀಕರ್ ಆಗಿದ್ದಾಗಲೇ. ಇಲ್ಲೇ ಸಂವಿಧಾನದ 189ನೇ ವಿಧಿಯನ್ನೂ ನೋಡಿಕೊಳ್ಳಿ. ಸ್ಪೀಕರ್ ಮೊದಲಿಗೆ ಮತ ಹಾಕುವಂತಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಅವರ ಮತ.

ಇನ್ನು 1962ರ ವಿಧಾನಸಭಾ ಚುನಾವಣೆ. ಮುಖ್ಯಮಂತ್ರಿ ಆಗಬೇಕಿದ್ದ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. (ಅವರೂ ಚಿತ್ರದುರ್ಗದ ವಕೀಲರೇ. ಹಿಂದಿನ ಮುಖ್ಯಮಂತ್ರಿ ಜತ್ತಿ ಜಮಖಂಡಿಯ ವಕೀಲರು. ಆ ಕಾಲದ ರಾಜಕೀಯ ಪೂರ್ತಿ ಕೋರ್ಟಿನಿಂದಲೇ ಎದ್ದು ಬಂದಂತಿದೆ!) 164(4)ನೇ ವಿಧಿಯ ಪ್ರಕಾರ ಶಾಸಕರಲ್ಲದವರೂ ಆರು ತಿಂಗಳು ಮಂತ್ರಿ ಆಗಿರಬಹುದು, ಮುಖ್ಯಮಂತ್ರಿಯೂ ಆಗಬಹುದು. ಆದರೆ ಜನ ಆಗಷ್ಟೇ ಸೋಲಿಸಿದವರನ್ನು ಮರುದಿನವೇ ಗದ್ದುಗೆ ಏರಿಸಿದರೆ ಚೆನ್ನಾಗಿ ಕಾಣುತ್ತದೆಯೇ? ಕುರ್ಚಿ ಕಾಯಲು ನಂಬಿಕಸ್ಥರು ಬೇಕಿತ್ತು. ಮಾರ್ಚ್ 14ರಂದು ಕಂಠಿ ಮುಖ್ಯಮಂತ್ರಿ ಆದರು.

ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿಬಂದರು. ಜೂನ್‌ನಲ್ಲಿ ಕಂಠಿ ಜಾಗ ಬಿಟ್ಟುಕೊಟ್ಟರು. ಕೈಗೆ ಬಂದ ಕುರ್ಚಿಯನ್ನು ತಕರಾರಿಲ್ಲದೆ ಬಿಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ. ಆಮೇಲೆ ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿ ಆದರು. ಬಿಜಾಪುರದ ಸೈನಿಕ ಶಾಲೆ 1963ರಲ್ಲಿ ಶುರುವಾದದ್ದು ಆ ಕಾಲದಲ್ಲೇ.